ಚಿನ್ನದ ಕರಾವಳಿಯ ಗಾಜು

ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರೆ ಬಿಸ್ಕತ್ತಿನ ವಾಸನೆ ಬರಬೇಕೆಂಬುದು ಸಜ್ಜನರ ನಿರೀಕ್ಷೆ. ನಮ್ಮ ಅಕ್ಕನ ಮನೆಯ ಡಬ್ಬಿ ಆ ನಿರೀಕ್ಷೆಯನ್ನು ಎಂದೂ ಗೌರವಿಸಿದ್ದಲ್ಲ. ಇವತ್ತು ಬೆಳಿಗ್ಗೆ ಲಕ್ಷ್ಮೀಪುರಂನ ಅವಳ ಮನೆಯ ಜಗಲಿಯಲ್ಲಿ ಕೂತು, ಚಮಚದ ಹಿಡಿಯಿಂದ ಮುಚ್ಚಳ ಮೀಟಿದಾಗ ಹಳೆಯ ಹೊಗೆ, ಕಮಟು ಎಣ್ಣೆ, ಒಣಗಿದ ನಾರು ಎಲ್ಲ ಕಲೆತ ಒಂದು ವಾಸನೆ ಮೂಗಿಗೆ ಅಡರಿತು. ಭಾವನವರಿದ್ದಾಗ, "ಇದು ಆಫ್ರಿಕಾದ ಸಂತೆಯ ವಾಸನೆ ಕಣಯ್ಯ" ಎನ್ನುತ್ತಿದ್ದರು. "ಅದು ತೊಳೀದೇ ಇರೋ ವಾಸನೆ" ಎಂದು ಅಕ್ಕ ಅಡುಗೆಮನೆಯಿಂದ ತಿದ್ದುತ್ತಿದ್ದಳು. ಇವತ್ತು ಯಾರೂ ಯಾರನ್ನೂ ತಿದ್ದಲಿಲ್ಲ. ಭಾವನವರು ಹೋಗಿ ವರ್ಷವಾಗುತ್ತ ಬಂತು.

ಡಬ್ಬಿ ತೆರೆಯುವ ಪ್ರಮೇಯ ಬಂದದ್ದು ಹೀಗೆ. ಹೆಬ್ಬಾಳದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬಿಡುವಿನ ಹೊತ್ತಿನಲ್ಲಿ ಒಡವೆ ಮಾಡುತ್ತಾಳಂತೆ. ಆಫ್ರಿಕಾದ ವ್ಯಾಪಾರದಲ್ಲಿ ಹಿಂದೆ ದುಡ್ಡಿನ ಬದಲು ಕೊಡುತ್ತಿದ್ದ ಮಣಿಗಳೆಂದರೆ ಈಗ ಜನ ಮುಗಿಬೀಳುತ್ತಾರಂತೆ. ಅಕ್ಕನ ಮನೆಯಲ್ಲಿ ಒಂದು ಡಬ್ಬಿಯಷ್ಟಿವೆ ಎಂದು ಯಾರಿಂದಲೋ ತಿಳಿದು, ಸಂಜೆ ಬರುತ್ತೇನೆ ಎಂದಿದ್ದಳು. "ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳೋಕೆ ನೀನೇ ಸರಿ ಕಣೋ. ಅವರ ಭಾಷಣ ಪೂರ್ತಿ ಕೇಳಿದೋನು ನೀನೊಬ್ನೇ" ಎಂದು ಅಕ್ಕ ನನ್ನನ್ನು ಕರೆಸಿದ್ದಳು. ಜೀವನದಲ್ಲಿ ನಾನು ಗಳಿಸಿದ ಬಿರುದುಗಳಲ್ಲಿ ಇದೇ ದೊಡ್ಡದು.

ಭಾವ ಗಣಿತದ ಮೇಷ್ಟ್ರು. ಒಂದು ಕಾಲದಲ್ಲಿ ನಮ್ಮ ಕಡೆಯ ಮೇಷ್ಟ್ರುಗಳು ಆಫ್ರಿಕಾದ ಶಾಲೆಗಳಿಗೆ ಪಾಠ ಹೇಳಲು ಹೋಗುತ್ತಿದ್ದರು, ಇವರೂ ಘಾನಾ ದೇಶಕ್ಕೆ ಹೋದರು. ಭಾವನ ತಾಯಿ ಹಾಸಿಗೆ ಹಿಡಿದಿದ್ದರಿಂದ ಅಕ್ಕ ಇಲ್ಲೇ ಉಳಿದಳು. ಆ ದೇಶಕ್ಕೆ ಹಿಂದೆ ಗೋಲ್ಡ್ ಕೋಸ್ಟ್, ಅಂದರೆ ಚಿನ್ನದ ಕರಾವಳಿ, ಎಂಬ ಹೆಸರಿತ್ತೆಂದು ನಮ್ಮ ದೊಡ್ಡಪ್ಪ ಎಲ್ಲಿಯೋ ಓದಿಕೊಂಡು ಬಂದದ್ದೇ ಅನರ್ಥಕ್ಕೆ ಮೂಲವಾಯಿತು. ಭಾವ ವಾಪಸು ಬಂದ ದಿನ ಬಂಧುವರ್ಗವೆಲ್ಲ ಜಂಬೂಸವಾರಿಗೆ ಜಾಗ ಹಿಡಿದವರ ಹಾಗೆ ನಡುಮನೆಯಲ್ಲಿ ಕೂತಿತ್ತು. ಸೂಟ್‌ಕೇಸಿನಲ್ಲಿ ಷರಟುಗಳ ಕೆಳಗಿನಿಂದ ಡಬ್ಬಿ ಹೊರಬಂತು, ಡಬ್ಬಿಯಿಂದ ನಾರಿನಲ್ಲಿ ಪೋಣಿಸಿದ ಬಣ್ಣಬಣ್ಣದ ಮಣಿಗಳು ಹೊರಬಂದವು. ದೊಡ್ಡಪ್ಪ ಒಂದನ್ನು ಬೆಳಕಿಗೆ ಹಿಡಿದರು.

"ಚಿನ್ನ ಇದರ ಒಳಗಡೆ ಇದೆಯೇನಪ್ಪ?"

"ಇಲ್ಲ, ಗಾಜು."

"ಪೂರ್ತಿ ಗಾಜೇ?"

"ಪೂರ್ತಿ."

ದೊಡ್ಡಪ್ಪ ಕಾಫಿಗೂ ನಿಲ್ಲಲಿಲ್ಲ.

ನಿಂತಿದ್ದರೆ ಒಳ್ಳೆಯ ಪಾಠವನ್ನೇ ಕೇಳಬಹುದಿತ್ತು. ನೀಲಿ, ಬಿಳಿ, ಕೆಂಪು ಗಾಜನ್ನು ಪದರ ಪದರವಾಗಿ ಸೇರಿಸಿ, ತುದಿ ಉಜ್ಜಿದರೆ ಒಳಗೆ ನಕ್ಷತ್ರ ಕಾಣುವ ಮಣಿ ವೆನಿಸ್ಸಿನದು. ಮೈತುಂಬ ಪುಟ್ಟ ಹೂವುಗಳಿರುವುದೂ ಅಲ್ಲಿಯದೇ. ಮಂಕು ಹಳದಿಯದು ಘಾನಾದವರೇ ಮಾಡಿದ್ದು: ಒಡೆದ ಸೀಸೆಗಳನ್ನು ಕುಟ್ಟಿ ಪುಡಿ ಮಾಡಿ, ಮಣ್ಣಿನ ಅಚ್ಚಿಗೆ ತುಂಬಿ, ನಡುವೆ ಮರಗೆಣಸಿನ ಎಲೆಯ ತೊಟ್ಟು ಸಿಕ್ಕಿಸಿ ಗೂಡಿನ ಬೆಂಕಿಯಲ್ಲಿಡುತ್ತಾರೆ. ತೊಟ್ಟು ಸುಟ್ಟುಹೋಗುತ್ತದೆ, ಅದಿದ್ದ ಜಾಗ ದಾರಕ್ಕೆ ದಾರಿಯಾಗುತ್ತದೆ. ನಡುವೆ ಒಂದೆರಡು ಕೆಂಪು ಕಲ್ಲಿನ ಮಣಿಗಳು ನಮ್ಮ ಗುಜರಾತಿನವು. ಭಾವನಿಗಿಂತ ಎಷ್ಟೋ ಮೊದಲೇ ಆಫ್ರಿಕಾಕ್ಕೆ ಹೋಗಿ, ಅವರ ಜೊತೆ ಊರಿಗೆ ಮರಳಿದ್ದವು. ಯೂರೋಪಿನ ಹಡಗುಗಳು ಇಂಥ ಮಣಿಗಳನ್ನು ಹೇರಿಕೊಂಡು ಹೋಗಿ ಚಿನ್ನ ತಂದವು, ದಂತ ತಂದವು. ಮನುಷ್ಯರನ್ನೂ ತಂದವು.

ಈ ಕೊನೆಯ ಮಾತನ್ನು ಭಾವ ನುಂಗಿಕೊಳ್ಳಬಹುದಿತ್ತು. ಆದರೆ ಲೆಕ್ಕದ ಮೇಷ್ಟ್ರು, ಅರ್ಧ ಹೇಳಿ ಬಿಡುವ ಜಾತಿಯಲ್ಲ. ಅಲ್ಲಿನ ಕಡಲತೀರದ ಒಂದು ಕೋಟೆಗೆ ಶಿಷ್ಯರು ಅವರನ್ನು ಕರೆದುಕೊಂಡು ಹೋಗಿದ್ದರಂತೆ. ನೆಲಮಾಳಿಗೆಯ ಕತ್ತಲಕೋಣೆ, ಅದರಾಚೆ ಸಮುದ್ರಕ್ಕೆ ತೆರೆಯುವ ಕಿರಿಬಾಗಿಲು. ಕೊಂಡ ಜನರನ್ನು ಆ ಬಾಗಿಲಿನಿಂದ ಹಡಗಿಗೆ ಸಾಗಿಸುತ್ತಿದ್ದರಂತೆ. ಹೇಳುತ್ತ ಭಾವನ ದನಿ ಇಳಿಯಿತು. ಅಷ್ಟು ಹೊತ್ತಿಗೆ ನಡುಮನೆಯಲ್ಲಿ ಉಳಿದವರು ಅಕ್ಕ ಮತ್ತು ನಾನು.

"ಮನುಷ್ಯರನ್ನ ಕೊಟ್ಟು ತಗೊಂಡ ಮಣೀನ ನನ್ನ ಕತ್ತಿಗೆ ಹಾಕ್ತೀರಾ?" ಎಂದಳು ಅಕ್ಕ.

"ಪ್ರತಿ ಸಂತೇಲೂ ಹುಡುಕ್ತಿದ್ದೆ ಕಣೇ. ನಿನ್ನ ಕತ್ತಿಗೆ ಯಾವುದು ಒಪ್ಪುತ್ತೆ ಅಂತ. ಅಲ್ಲಿ ನಂಗೆ ಬೇರೆ ಏನಿತ್ತು?"

"ಯಾವ ತಾಯಿ ಶಾಪ ಇದೆಯೋ ಇದರಲ್ಲಿ. ನಾನು ಸತ್ತರೂ ಹಾಕ್ಕೊಳ್ಳಲ್ಲ."

"ನಿನ್ನ ಕರಿಮಣೀನೂ ಗಾಜೇ ಕಣೇ. ಅದು ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಕೇಳಿದ್ಯಾ?"

ಗಣಿತದಲ್ಲಿ ಇದು ಸರಿಯಾದ ಉತ್ತರವಿರಬಹುದು. ಸಂಸಾರದಲ್ಲಿ ಇದಕ್ಕೆ ಸೊನ್ನೆ ಬಿತ್ತು. ಅಕ್ಕ ಎದ್ದು ಒಳಗೆ ಹೋದಳು.

ನಿವೃತ್ತಿಯಾದ ಮೇಲೆ ಭಾವ ಅಟ್ಟ ಸೇರಿದ್ದ ಡಬ್ಬಿಯನ್ನು ಮತ್ತೆ ಕೆಳಗಿಳಿಸಿದರು. ಜಗಲಿಯಲ್ಲಿ ಹಳೆಯ ಪಂಚೆ ಹಾಸಿ, ದಾರಕ್ಕೆ ಜೇನುಮೇಣ ಸವರಿ, ತಾವೇ ಸರ ಪೋಣಿಸಲು ಕೂತರು. ಭಾನುವಾರ ನನ್ನನ್ನು ಜೊತೆಗೆ ಎಳೆದುಕೊಂಡು ಮಂಡಿ ಮೊಹಲ್ಲಾದ ಸಂದಿಗಳಲ್ಲಿ ದಾರ, ಬೆಳ್ಳಿಯ ಕೊಕ್ಕೆ ಹುಡುಕುತ್ತಿದ್ದರು. "ಏನ್ ಮೇಷ್ಟ್ರೇ, ಬಳೆ ಅಂಗಡಿ ಯಾವಾಗ ಶುರು?" ಎಂದು ಬೀದಿಯವರು ಕೇಳಿದರೆ, "ಗಿರಾಕಿ ಒಬ್ಬಳೇ ಕಣ್ರೀ. ಅವಳು ಒಪ್ಪಿದ ದಿನ" ಎನ್ನುತ್ತಿದ್ದರು. ಗಿರಾಕಿ ಒಪ್ಪಲಿಲ್ಲ. ಮಾಡಿದ ಪ್ರತಿ ಸರವನ್ನೂ ತಟ್ಟೆಯಲ್ಲಿಟ್ಟು ಅಕ್ಕನ ಮುಂದೆ ಹಿಡಿಯುತ್ತಿದ್ದರು. ಅವಳು "ಚೆನ್ನಾಗಿದೆ" ಎಂದು ಯಾವುದಾದರೂ ನೆಂಟರ ಹುಡುಗಿಗೆ ದಾನ ಮಾಡುತ್ತಿದ್ದಳು. ನಕ್ಷತ್ರದ ಮಣಿಗಳ ಸರ ನನ್ನ ಮಗಳ ಪಾಲಿಗೆ ಬಂತು. ಅವಳು ಅದನ್ನು ಕಾಲೇಜಿನ ನಾಟಕದಲ್ಲಿ ಕಾಡುರಾಣಿಯ ವೇಷಕ್ಕೆ ಹಾಕಿಕೊಂಡಳು. ಭಾವ ಮುಂದಿನ ಸಾಲಿನಲ್ಲಿ ಕೂತು, ಸಾವಿನ ಮನೆಯಲ್ಲಿ ಕೂತವರ ಹಾಗೆ ನಾಟಕ ನೋಡಿದರು.

ಹೀಗಿರುವಾಗ ಒಂದು ದಿನ ಅಕ್ಕ ಸ್ನಾನ ಮಾಡುತ್ತಿದ್ದಾಗ ಕರಿಮಣಿ ಸರ ಕಿತ್ತುಹೋಯಿತು. ಅರ್ಧ ಮಣಿಗಳು ಬಚ್ಚಲಿನ ಪಾಲಾದವು. ಬರಿಗೊರಳಿನಲ್ಲಿರಬಾರದೆಂದು ಅಕ್ಕ ಅರಿಸಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಂಡು, ಮುಖ ಬಾಡಿಸಿಕೊಂಡು ಕೂತಳು. ಪೋಣಿಸಲು ಬರುವವರು ಮನೆಯಲ್ಲಿ ಒಬ್ಬರೇ. ಕಡಿಮೆ ಬಿದ್ದ ಮಣಿ ತರುತ್ತೇನೆಂದು ಭಾವ ಪೇಟೆಗೆ ಹೊರಟರು. ಬೀದಿಯ ಕೊನೆಯವರೆಗೆ ಹೋಗಿ, ಅರಳಿಕಟ್ಟೆಯಲ್ಲಿ ಸ್ವಲ್ಪ ಹೊತ್ತು ಕೂತು, ವಾಪಸು ಬಂದು ಬಿಸ್ಕತ್ತಿನ ಡಬ್ಬಿಯಿಂದಲೇ ಕಪ್ಪು ಗಾಜಿನ ಸಣ್ಣ ಮಣಿಗಳನ್ನು ಆರಿಸಿ ತಾಳಿಯ ಆಚೀಚೆ ಸೇರಿಸಿಬಿಟ್ಟರು. ಅಕ್ಕ ಹಾಕಿಕೊಂಡಳು.

"ಯಾರಿಗೂ ಹೇಳ್ಬೇಡ ಕಣಯ್ಯ" ಎಂದು ಮುಂದಿನ ಭಾನುವಾರ ಮಂಡಿ ಮೊಹಲ್ಲಾದಲ್ಲಿ ನನ್ನ ತೋಳು ಹಿಡಿದುಕೊಂಡು ಹೇಳಿದರು. ಮುಖದಲ್ಲಿ ಹಣ್ಣು ಕದ್ದು ಸಿಕ್ಕಿಬೀಳದ ಹುಡುಗನ ಗೆಲುವು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಆ ಗೆಲುವು ಇಳಿಯಿತು. "ಆದ್ರೂ ಅವಳೇ ಇಷ್ಟಪಟ್ಟು ಹಾಕ್ಕೊಂಡಿದ್ರೆ ಬೇರೆ ಇತ್ತು. ಇದು ಮೋಸ ತಾನೇ?" ಎಂದರು. ಹೋಗುವವರೆಗೂ ಅವರಿಗೆ ಈ ಕೊರಗು ಇತ್ತು. ಆಸ್ಪತ್ರೆಯಲ್ಲಿ ಅಕ್ಕ ಬಗ್ಗಿ ಹೊದಿಕೆ ಸರಿಮಾಡಿದಾಗಲೆಲ್ಲ ಅವರ ಕಣ್ಣು ಆ ಸರದ ಮೇಲೆ ನಿಂತು, ಮತ್ತೆ ಗೋಡೆಯ ಕಡೆ ತಿರುಗುತ್ತಿತ್ತು.

ಹತ್ತನೆಯ ದಿನ ಹಿರಿಯ ಹೆಂಗಸರು ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿ ಸರ ಬಿಚ್ಚಿ ಹಾಲಿನ ಬಟ್ಟಲಿಗೆ ಹಾಕಿದರು. ಕಾಲ ಬದಲಾಗಿದೆ, ಇದೆಲ್ಲ ಬೇಡ ಎಂದು ನಾನು ಗೊಣಗಿದೆ. ಹೊರಗೆ ನಿಂತು ಗೊಣಗುವ ಗಂಡಸರ ಮಾತಿಗೆ ಇರುವಷ್ಟೇ ಬೆಲೆ ಅದಕ್ಕೂ ಸಿಕ್ಕಿತು. ಚಿನ್ನದ ತಾಳಿಯನ್ನು ತೆಗೆದಿಟ್ಟು, ಮಣಿಗಳನ್ನು ಹೊಳೆಗೆ ಬಿಡಲು ನನ್ನ ಕೈಗೆ ಕೊಟ್ಟರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಟೆ. ಎಲ್ಲಿಯದೋ ಗಾಜು, ಯಾರದೋ ಬೆಲೆ, ಇಲ್ಲಿ ಬಂದು ಮುಳುಗಿತು. ಭಾವನ ಗುಟ್ಟೂ ಅದರ ಜೊತೆಗೇ ಹೋಯಿತೆಂದುಕೊಂಡೆ.

ಇವತ್ತು ಅಕ್ಕ ನನ್ನೆದುರು ಕೂತು, ಡಬ್ಬಿಯಲ್ಲಿ ಕೈಯಾಡಿಸಿ, ಕಪ್ಪು ಮಣಿಗಳನ್ನು ಒಂದೊಂದಾಗಿ ಬೇರೆ ಮಾಡತೊಡಗಿದಳು.

"ಇವೇ ಅಲ್ವೇನೋ ಅವರು ಸೇರಿಸಿದ್ದು?"

"ನಿಂಗೆ ಗೊತ್ತಿತ್ತಾ?"

"ದಿನಾ ಬೆಳಿಗ್ಗೆ ಸ್ನಾನ ಮಾಡಿ ಕಣ್ಣಿಗೊತ್ಕೊಳ್ಳೋ ಸರ ಕಣೋ ಅದು. ಬೇರೆಯೋರ ಮಣಿ ಬಂದ್ರೆ ರೆಪ್ಪೆಗೆ ಗೊತ್ತಾಗಲ್ವಾ? ನನ್ನವು ನುಣ್ಣಗಿದ್ವು. ಇವು ತರಿತರಿ."

"ಗೊತ್ತಾದ್ಮೇಲೂ ತೆಗೀಲಿಲ್ವಾ?"

"ಮೊದಲ ದಿನ ಕಿತ್ತು ಬಿಸಾಕೋಣ ಅನ್ನಿಸ್ತು. ಆಮೇಲೆ ಇದಕ್ಕೋಸ್ಕರ ಯಾರನ್ನ ಮಾರಿದ್ರೋ, ಪಾಪ, ಅವರಿಗೂ ಸೇರಿಸಿ ಒತ್ಕೊಳ್ಳೋಣ ಅಂತ ಒತ್ಕೊಂಡೆ. ಹಂಗೇ ರೂಢಿ ಆಗೋಯ್ತು."

"ಭಾವಂಗೆ ಯಾಕೆ ಹೇಳಲಿಲ್ಲ ಅಕ್ಕ?"

"ಹೇಳಿದ್ರೆ ಗೆದ್ದೆ ಅಂತಿದ್ರು." ಅವಳ ಬೆರಳು ನಿಂತಿತು. "ಗೆದ್ಕೊಳ್ಳಲಿ ಅಂತ ಬಿಡಬೋದಾಗಿತ್ತು."

ಆಮೇಲೆ ಅವಳು ನನ್ನನ್ನೇ ದಿಟ್ಟಿಸಿ, "ನಂಗೆ ಗೊತ್ತು ಅಂತ ಅವರಿಗೆ ಗೊತ್ತಿತ್ತೇನೋ?" ಎಂದಳು.

"ಗೊತ್ತಿತ್ತು ಅಕ್ಕ. ನನ್ನ ಹತ್ರ ಹೇಳಿದ್ರು."

"ಚಿಕ್ಕಂದಿಂದ್ಲೂ ನಿಂಗೆ ಸುಳ್ಳು ಹೇಳೋಕೆ ಬರಲ್ಲ" ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಆ ಹುಡುಗಿಗೆ ಎಲ್ಲಾ ಕೊಟ್ಬುಡು. ಯಾರಾದ್ರೂ ನಾಲ್ಕು ಜನದ ಮುಂದೆ ಹಾಕ್ಕೊಳ್ಳಲಿ."

ಸಂಜೆ ಹುಡುಗಿ ಬಂದಳು. ಒಳ್ಳೆಯ ಹುಡುಗಿ, ಕೈ ತೊಳೆದುಕೊಂಡು ಬಂದು ಮಣಿ ಮುಟ್ಟಿದಳು. ನಾನು ಭಾವನ ಪಾಠವನ್ನು ಒಪ್ಪಿಸಿದೆ: ವೆನಿಸ್ಸಿನ ನಕ್ಷತ್ರ, ಸುಟ್ಟುಹೋಗುವ ತೊಟ್ಟು, ಸಮುದ್ರದ ಕಡೆಯ ಬಾಗಿಲು. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ಅಕ್ಕನ ಬರಿಗೊರಳನ್ನು ನೋಡಿದಳು.

"ಇಷ್ಟೊಂದು ಚೆನ್ನಾಗಿವೆ. ನೀವು ಒಂದು ದಿನಾನೂ ಹಾಕ್ಕೊಂಡೇ ಇಲ್ವಾ ಅಜ್ಜಿ?"

ನಮ್ಮ ಮನೆಯಲ್ಲಿ ಇಂಥ ಪ್ರಶ್ನೆಗೆ ಕಾಫಿ ತರುವುದೇ ಉತ್ತರ.

"ಹಾಕ್ಕೊಂಡಿದ್ದೆ ಕಣಮ್ಮ" ಎಂದಳು ಅಕ್ಕ. "ಗೊತ್ತಿದ್ದೇ ಹಾಕ್ಕೊಂಡಿದ್ದೆ. ದಿನಾ."

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಎದುರಿಗೆ ಕೂತಿದ್ದ ಹುಡುಗಿಗೆ ಅಷ್ಟು ದನಿ ಬೇಕಿರಲಿಲ್ಲ. ಭಾವ ಮಲಗುತ್ತಿದ್ದ ಒಳಕೋಣೆಯವರೆಗೂ ಕೇಳುವ ಹಾಗಿತ್ತು. ಅಲ್ಲಿ ಯಾರೂ ಇರಲಿಲ್ಲ.