ಫಿಲೋಮಿನಮ್ಮನ ಕೇಸು ಮತ್ತು ನಾನು ಕಲಿತ ಲ್ಯಾಟಿನ್

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ನಾನು ವಕೀಲಿ ವೃತ್ತಿಗೆ ಬಂದು ಇಪ್ಪತ್ತೆರಡು ವರ್ಷಗಳಾಗಿದ್ದವು. ಕಚೇರಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಸಿವಿಲ್ ಮೊಕದ್ದಮೆಗಳೇ ಹೆಚ್ಚು, ಅದರಲ್ಲೂ ಮನೆ, ನಿವೇಶನ, ಪಾಲಿನ ವ್ಯಾಜ್ಯಗಳು. ವಾರಕ್ಕೆ ಎರಡು ದಿನ ಭದ್ರಾವತಿಯ ನ್ಯಾಯಾಲಯಕ್ಕೆ ಹೋಗುತ್ತಿದ್ದೆ. ಹಳೆಯ ಕ್ರಯಪತ್ರಗಳ ಮೋಡಿ ಅಕ್ಷರವನ್ನು ತಡವರಿಸದೆ ಓದುತ್ತೇನೆ ಎಂಬ ಹೆಮ್ಮೆ ನನಗಿತ್ತು. ಓದಲು ಬಾರದ ಕಾಗದವೊಂದು ನನ್ನ ಮುಂದೆ ಬಂದೀತೆಂದು ಯೋಚಿಸಿಯೇ ಇರಲಿಲ್ಲ.

ಫಿಲೋಮಿನಮ್ಮ ಭದ್ರಾವತಿಯವರು, ಅರವತ್ತರ ಆಸುಪಾಸಿನ ಹೆಂಗಸು. ಶಾಲಾ ಮಕ್ಕಳ ಯೂನಿಫಾರಂ ಹೊಲಿಯುವುದು ಅವರ ಕಸುಬು. ತಂದೆ ಆಂಟೋನಿ ತಮಿಳುನಾಡಿನಿಂದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಯಾದವರು, ತಾಯಿ ಮರಿಯಮ್ಮ. ಇಬ್ಬರೂ ತೀರಿಕೊಂಡು ವರ್ಷಗಳಾಗಿದ್ದವು. ತಾಯಿಯ ಹೆಸರಿನಲ್ಲಿದ್ದ ಎರಡು ಕೋಣೆಯ ಹೆಂಚಿನ ಮನೆಯಲ್ಲಿ ಫಿಲೋಮಿನಮ್ಮ ಒಬ್ಬರೇ ಇದ್ದರು. ಆ ಮನೆ ತನಗೆ ಸೇರಬೇಕೆಂದು ಅರುಳ್‌ರಾಜ್ ಎಂಬ ಲಾರಿ ಮೆಕ್ಯಾನಿಕ್ ದಾವೆ ಹೂಡಿದ್ದ. ಅವನ ವಾದ ಸರಳವಾಗಿತ್ತು. ಆಂಟೋನಿ ಮತ್ತು ಮರಿಯಮ್ಮನಿಗೆ ಇದ್ದದ್ದು ಒಬ್ಬಳೇ ಮಗಳು, ಆಕೆ ತೀರಿಹೋದ ತನ್ನ ತಾಯಿ ರೋಸಾ. ಫಿಲೋಮಿನಾ ಯಾರದೋ ಅನಾಥ ಕೂಸು, ರೋಸಾ ಎತ್ತಿಕೊಂಡು ಬಂದು ಆ ಮನೆಯಲ್ಲಿ ಬೆಳೆಸಿದಳು.

ಫಿಲೋಮಿನಮ್ಮ ಹೇಳಿದ್ದು ಬೇರೆ. ರೋಸಾ ತನ್ನ ತಂದೆಯ ತಂಗಿ, ಚಿಕ್ಕಂದಿನಲ್ಲೇ ತಬ್ಬಲಿಯಾಗಿ ಅಣ್ಣನ ಮನೆಯಲ್ಲಿ ಬೆಳೆದವಳು ಎಂದರು. ಆದರೆ ತೋರಿಸಲು ದಾಖಲೆ ಇರಲಿಲ್ಲ. ನಾಲ್ಕನೇ ತರಗತಿಯವರೆಗೆ ಓದಿದ ಶಾಲೆಯ ದಾಖಲಾತಿಯಲ್ಲಿ ಪೋಷಕರು ಎಂಬಲ್ಲಿ ರೋಸಾಳ ಹೆಸರಿತ್ತು, ಸೇರಿಸಲು ಕರೆದುಕೊಂಡು ಹೋದವಳು ಅವಳೇ. ಆಧಾರ್ ಕಾರ್ಡಿನಲ್ಲಿ ತೀರಿಹೋದ ಗಂಡನ ಹೆಸರು. ಹಳೆಯ ನೆರೆಹೊರೆಯವರು ಯಾರೂ ಉಳಿದಿರಲಿಲ್ಲ.

ಮೊದಲ ದಿನ ಅವರು ನನ್ನೆದುರು ಕುಳಿತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ.

"ಮನೆ ಹೋದ್ರೆ ಹೋಗ್ಲಿ ಲಾಯರಮ್ಮ, ಬಾಡಿಗೆ ರೂಮಲ್ಲಿ ಮಿಷನ್ ಹಾಕ್ಕೊಂಡು ಇರ್ತೀನಿ. ಆದ್ರೆ ನಮ್ಮಮ್ಮ ನಮ್ಮಮ್ಮನೇ ಅಲ್ಲ ಅಂತ ಕೋರ್ಟು ಬರೆದುಬಿಟ್ರೆ ನಾನು ಯಾರು?"

ಅರುಳ್‌ರಾಜ್‌ನ ವಕೀಲರು ಚರ್ಚಿನ ಜ್ಞಾನಸ್ನಾನದ ರಿಜಿಸ್ಟರಿನ ಒಂದು ಪುಟದ ಜೆರಾಕ್ಸ್ ಹಾಜರುಪಡಿಸಿದರು. ಕ್ರೈಸ್ತ ಮನೆಗಳಲ್ಲಿ ಮಗುವಿಗೆ ಜ್ಞಾನಸ್ನಾನ ಕೊಡಿಸಿ ಹೆಸರಿಡುವ ದಿನ ಚರ್ಚಿನ ಪುಸ್ತಕದಲ್ಲಿ ಅದನ್ನು ಬರೆದಿಡುತ್ತಾರೆ. ಅರವತ್ತು ವರ್ಷಗಳ ಹಿಂದೆ ಆ ಬರವಣಿಗೆ ಲ್ಯಾಟಿನ್ ಭಾಷೆಯಲ್ಲಿತ್ತು. ಜೊತೆಗೆ ಬೆಂಗಳೂರಿನ ನಿವೃತ್ತ ಪ್ರಾಧ್ಯಾಪಕರೊಬ್ಬರು ಮಾಡಿದ ಅನುವಾದವೂ ಇತ್ತು: "ಆಂಟೋನಿ ಮತ್ತು ಮರಿಯಳ ಮಗಳೂ ಜೋಸೆಫನ ಹೆಂಡತಿಯೂ ಆದ ರೋಸಾ, ಫಿಲೋಮಿನಾಳನ್ನು ಜ್ಞಾನಸ್ನಾನದ ಕುಂಡದಿಂದ ಎತ್ತಿಕೊಂಡಳು."

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಆ ಜೆರಾಕ್ಸನ್ನು ಸಾಕ್ಷ್ಯವಾಗಿ ಗುರುತಿಸುವಾಗ ನ್ಯಾಯಾಧೀಶರು ನನ್ನತ್ತ ನೋಡಿದರು. ಚರ್ಚಿನ ಮೊಹರು ಇತ್ತು, ಸಹಿ ಇತ್ತು. "ತಕರಾರಿಲ್ಲ ಸ್ವಾಮಿ" ಎಂದುಬಿಟ್ಟೆ. ಓದಲು ಬಾರದ ಕಾಗದಕ್ಕೆ ಒಪ್ಪಿಗೆ ಕೊಟ್ಟಿದ್ದೆ. ಸಂಜೆ ಕಚೇರಿಯಲ್ಲಿ ಅನುವಾದವನ್ನು ಮತ್ತೆ ಓದಿದಾಗಲೇ ಅದರ ಪರಿಣಾಮ ಅರ್ಥವಾದದ್ದು. ಅದೊಂದು ವಾಕ್ಯ ನಿಂತರೆ ನನ್ನ ಕಕ್ಷಿದಾರರ ಕಥೆ ಮುಗಿದ ಹಾಗೆ.

ಪ್ರಾಧ್ಯಾಪಕರ ಪಾಟೀಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ನಾನು ಪ್ರಶ್ನಿಸುವುದಕ್ಕೆ, ಎರಡೂವರೆ ತಿಂಗಳ ನಂತರದ ದಿನ ಸಿಕ್ಕಿತು. ಅಷ್ಟರಲ್ಲಿ ಲ್ಯಾಟಿನ್ ಕಲಿಯುತ್ತೇನೆ ಎಂದೆ. ನನ್ನ ಜೊತೆಯ ವಕೀಲರು ನಕ್ಕರು. ನನಗೆ ನಗು ಬರಲಿಲ್ಲ. ಇಡೀ ಭಾಷೆ ಬೇಕಾಗಿರಲಿಲ್ಲ, ಒಂದು ವಾಕ್ಯವನ್ನು ನನ್ನದೇ ಕಣ್ಣಿನಿಂದ ಓದುವಷ್ಟು ವ್ಯಾಕರಣ ಬೇಕಿತ್ತು. ಅಷ್ಟನ್ನು ಕಲಿಯಬಲ್ಲೆ ಎಂಬ ಧೈರ್ಯ ನನಗಿತ್ತು.

ಗುರುಗಳು ಸಿಕ್ಕಿದ್ದು ಶಿವಮೊಗ್ಗದಲ್ಲೇ, ಕೋಟೆಯ ಹತ್ತಿರ. ಲಾರೆನ್ಸ್ ಮಾಸ್ಟರ್ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಯೌವನದಲ್ಲಿ ಪಾದ್ರಿಯಾಗಲು ಹೋಗಿ ಆರು ವರ್ಷ ಲ್ಯಾಟಿನ್ ಓದಿ, ಕೊನೆಗೆ ಮನಸ್ಸು ಬದಲಿಸಿ ಮದುವೆಯಾಗಿ ಮೇಷ್ಟ್ರಾದರು. "ನೀವೇ ಬಂದು ಸಾಕ್ಷಿ ಹೇಳಿ ಸರ್" ಎಂದು ಕೇಳಿಕೊಂಡೆ.

"ನನ್ನತ್ರ ಒಂದು ಸರ್ಟಿಫಿಕೇಟೂ ಇಲ್ಲಮ್ಮ. ಆ ಕಡೆ ಲಾಯರು ಎರಡೇ ಪ್ರಶ್ನೇಲಿ ಕೂರಿಸಿಬಿಡ್ತಾನೆ" ಎಂದರು. "ನಿಮಗೆ ಹೇಳಿಕೊಡ್ತೀನಿ, ನೀವೇ ಕೇಳಿ. ಕನ್ನಡದ ವಿಭಕ್ತಿ ಗೊತ್ತು ತಾನೆ?"

"ಸ್ಕೂಲಲ್ಲಿ ಓದಿದ್ದು ಸರ್."

"ಹಾಗಾದ್ರೆ ಅರ್ಧ ದಾರಿ ಬಂದಿದ್ದೀರಿ. ದಿನಾ ಬೆಳಿಗ್ಗೆ ಆರೂವರೆಗೆ ಬನ್ನಿ."

ಮೊದಲ ವಾರ ಒಂದೇ ಪದ: ರೋಸಾ. ಗುಲಾಬಿ ಎಂದು ಅರ್ಥ. ಲ್ಯಾಟಿನ್ ಕಲಿಯುವವರು ಮೊದಲು ಬಾಯಿಪಾಠ ಮಾಡುವುದು ಇದೇ ಪದವನ್ನಂತೆ. ನನ್ನ ಎದುರಾಳಿಯ ತಾಯಿಯ ಹೆಸರೂ ಅದೇ ಆಗಿದ್ದು ಕಾಕತಾಳೀಯ. ರೋಸಾ ಎಂದರೆ ಗುಲಾಬಿಯು, ರೋಸಾಮ್ ಎಂದರೆ ಗುಲಾಬಿಯನ್ನು, ರೋಸೆ ಎಂದರೆ ಗುಲಾಬಿಯ. ಮಾಸ್ಟರು ಕರಿಹಲಗೆಯ ಮೇಲೆ ಎಡಕ್ಕೆ ಕನ್ನಡ, ಬಲಕ್ಕೆ ಲ್ಯಾಟಿನ್ ಬರೆದರು. "ರಾಜನನ್ನು ಮಂತ್ರಿ ಕರೆದ ಅನ್ನಿ, ಮಂತ್ರಿ ರಾಜನನ್ನು ಕರೆದ ಅನ್ನಿ, ಕರೆದವನು ಮಂತ್ರಿನೇ. ಇಂಗ್ಲಿಷಲ್ಲಿ ಪದದ ಜಾಗ ಬದಲಾದ್ರೆ ಅರ್ಥ ತಿರುಗಿಬಿಡತ್ತೆ. ಲ್ಯಾಟಿನ್ನು ನಮ್ಮ ಕಡೇದು ಮಾರಾಯ್ತಿ, ಜಾಗ ನೋಡಬೇಡಿ, ಬಾಲ ನೋಡಿ" ಎಂದರು. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ ಎಂದಾಗಲಂತೂ ಪರವೂರಿನಲ್ಲಿ ನಮ್ಮ ಊರಿನವರು ಸಿಕ್ಕಷ್ಟು ಖುಷಿಯಾಯಿತು.

ಮೂರನೇ ವಾರ ಗಾಡಿ ನಿಂತಿತು. ಕನ್ನಡದಲ್ಲಿ "ಮರಿಯಳ ಮಗಳು ಫಿಲೋಮಿನಾಳನ್ನು" ಎನ್ನುತ್ತೇವೆ. 'ಅನ್ನು' ಒಂದೇ ಕಡೆ ಬಂದರೆ ಸಾಕು. ಲ್ಯಾಟಿನ್‌ನಲ್ಲಿ ಹಾಗಲ್ಲ. ಫಿಲೋಮಿನಾಳಿಗೆ 'ಅನ್ನು' ಹಚ್ಚಿದರೆ ಅವಳನ್ನು ಕುರಿತ 'ಮಗಳು' ಎಂಬ ಪದಕ್ಕೂ ಹಚ್ಚಬೇಕು. ಇದು ನನ್ನ ತಲೆಗೆ ಹತ್ತಲೇ ಇಲ್ಲ. ದಿನವೂ ತಪ್ಪು ಬರೆಯುತ್ತಿದ್ದೆ. ಕೊನೆಗೆ ಮಾಸ್ಟರ ಹೆಂಡತಿ ಸ್ಟೆಲ್ಲಾ ಟೀಚರ್ ಕಾಫಿ ತಂದಿಡುತ್ತಾ ಹೇಳಿದರು: "ಮದುವೆ ಮನೇಲಿ ಒಂದೇ ಮನೆ ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ ಉಟ್ಕೊಂಡು ಬರ್ತಾರಲ್ಲ, ಹಾಗೆ ಅನ್ಕೊಳ್ಳಿ. ಯಾರು ಯಾರ ಕಡೆಯವರು ಅಂತ ದೂರದಿಂದಲೇ ಗೊತ್ತಾಗತ್ತೆ." ಅಲ್ಲಿಂದ ಮುಂದೆ ನಾನು ತಪ್ಪಲಿಲ್ಲ.

ಅಭ್ಯಾಸಕ್ಕೆಂದು ಮಾಸ್ಟರು ಅದೇ ಜೆರಾಕ್ಸ್ ಪುಟದಲ್ಲಿದ್ದ ಬೇರೆ ಮಕ್ಕಳ ನಮೂದುಗಳನ್ನು ಓದಿಸಿದರು. ಪುಟದಲ್ಲಿ ಒಟ್ಟು ಒಂಬತ್ತು ನಮೂದುಗಳಿದ್ದವು. ಪ್ರತಿಯೊಂದೂ ಒಂದೇ ಅಚ್ಚಿನಲ್ಲಿತ್ತು: ಮೊದಲು ಮಗುವಿನ ಹೆಸರು, ಆಮೇಲೆ ತಂದೆ ತಾಯಿ, ಆಮೇಲೆ ಮಗ ಅಥವಾ ಮಗಳು, ಕೊನೆಗೆ ಕುಂಡದಿಂದ ಎತ್ತಿಕೊಂಡ ಜ್ಞಾನತಾಯಿ. ಜ್ಞಾನತಾಯಿ ಎಂದರೆ ಮಗುವಿನ ಧಾರ್ಮಿಕ ಹೊಣೆ ಹೊರುವ ಹಿರಿಯಳು. ಸಾಮಾನ್ಯವಾಗಿ ಅತ್ತೆಯೋ ಚಿಕ್ಕಮ್ಮನೋ ಆಗಿರುತ್ತಾಳೆ. "ತೋಮಾಮ್, ಪೇತ್ರಿ ಎತ್ ಆನ್ನೆ ಫಿಲಿಯುಮ್" ಎಂದು ಓದಿದೆ. ಪೇತ್ರು ಮತ್ತು ಅನ್ನಳ ಮಗನಾದ ತೋಮನನ್ನು. ಗಂಡು ಮಗುವಾದರೆ ಫಿಲಿಯುಮ್, ಹೆಣ್ಣಾದರೆ ಫಿಲಿಯಾಮ್. ಎಂಟು ನಮೂದುಗಳಲ್ಲೂ ಕೊನೆಗೆ 'ಮ್' ಇತ್ತು. ಒಂಬತ್ತನೆಯದರಲ್ಲಿ ಮಾತ್ರ ಬರೀ ಫಿಲಿಯಾ. ಅದು ನನ್ನ ಕಕ್ಷಿದಾರರದು.

'ಮ್' ಇಲ್ಲದ ಫಿಲಿಯಾ ಮುಂದಿನ ಸಾಲಿನಲ್ಲಿದ್ದ ರೋಸಾಳ ಜೊತೆ ಹೋಗುತ್ತದೆ. ಆಗ ಪ್ರಾಧ್ಯಾಪಕರ ಅನುವಾದವೇ ಸರಿ, ರೋಸಾಳೇ ಮಗಳು. ಆದರೆ ಎಂಟು ಮಕ್ಕಳ ತಂದೆ ತಾಯಿಯ ಹೆಸರು ಬರೆದ ಪಾದ್ರಿ ಈ ಒಂದು ಮಗುವಿನದನ್ನು ಮಾತ್ರ ಬಿಟ್ಟು, ಜ್ಞಾನತಾಯಿಯ ತಂದೆ ತಾಯಿಯ ಹೆಸರನ್ನೇಕೆ ಬರೆದ? ಆ ಪದ ಸಾಲಿನ ತುದಿಯಲ್ಲಿತ್ತು. ಅದರ ಪಕ್ಕದಲ್ಲೇ ಪುಸ್ತಕದ ಹೊಲಿಗೆಯ ಕಪ್ಪು ನೆರಳು.

"ಸರ್, ಜೆರಾಕ್ಸಲ್ಲಿ ಅಕ್ಷರ ನುಂಗಿಹೋಗಿರಬಹುದಾ?"

ಮಾಸ್ಟರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. "ಇಲ್ಲಿ ಕೂತು ಏನು ನೋಡ್ತೀರಿ? ಹೋಗಿ ಪುಸ್ತಕ ನೋಡಿ" ಎಂದರು.

ಅಂದೇ ಮಧ್ಯಾಹ್ನ ಭದ್ರಾವತಿಗೆ ಹೋದೆ. ಚರ್ಚಿನ ಗುರುಗಳು ಚಿಕ್ಕ ವಯಸ್ಸಿನವರು. "ನಮಗೂ ಈಗ ಲ್ಯಾಟಿನ್ ಅಷ್ಟು ಕಲಿಸಲ್ಲ ಮೇಡಂ, ಹುಷಾರಾಗಿ ತಿರುಗಿಸಿ" ಎನ್ನುತ್ತಾ ಬೀರುವಿನಿಂದ ದಪ್ಪ ರಿಜಿಸ್ಟರ್ ತೆಗೆದುಕೊಟ್ಟರು. ಹೊಲಿಗೆ ಬಿಗಿಯಾಗಿತ್ತು. ಗುರುಗಳೇ ಎರಡು ಕೈಯಿಂದ ಪುಟವನ್ನು ಮೆಲ್ಲಗೆ ಅಗಲಿಸಿ ಹಿಡಿದರು. ಮಡಿಕೆಯ ಒಳಗೆ, ಅರವತ್ತು ವರ್ಷದ ಕಂದು ಶಾಯಿಯಲ್ಲಿ, ಮೂರು ಕಾಲಿನ ಒಂದು ಸಣ್ಣ ಅಕ್ಷರ ಕೂತಿತ್ತು. ಫಿಲಿಯಾಮ್.

ಮೂಲ ರಿಜಿಸ್ಟರನ್ನು ತರಿಸಬೇಕೆಂದು ಅರ್ಜಿ ಹಾಕಿದೆ. ಎದುರು ವಕೀಲರು, "ಜೆರಾಕ್ಸಿಗೆ ತಕರಾರಿಲ್ಲ ಅಂದವರು ಇವರೇ ಅಲ್ಲವೇ?" ಎಂದು ಎದ್ದರು. ಹೌದು, ನಾನೇ. ಅರ್ಜಿಯ ಜೊತೆ ಕೊಟ್ಟ ಪ್ರಮಾಣಪತ್ರದಲ್ಲಿ ಅದನ್ನೇ ಬರೆದಿದ್ದೆ: ಭಾಷೆ ತಿಳಿಯದೆ ಒಪ್ಪಿಗೆ ಕೊಟ್ಟದ್ದು ವಕೀಲಳಾಗಿ ನನ್ನ ತಪ್ಪು, ಅದರ ಹೊರೆ ಕಕ್ಷಿದಾರರ ಮೇಲೆ ಬೀಳಬಾರದು. ಅಂಥದ್ದನ್ನು ಬರೆದು ಸಹಿ ಹಾಕುವುದು ಸುಲಭವಲ್ಲ. ನ್ಯಾಯಾಧೀಶರು ಅದನ್ನು ಎರಡು ಸಲ ಓದಿ, ಅರ್ಜಿಯನ್ನು ಮಂಜೂರು ಮಾಡಿದರು.

ಪಾಟೀಸವಾಲಿನ ದಿನ ಬಂತು. ಪ್ರಾಧ್ಯಾಪಕರು ಸೌಮ್ಯ ಸ್ವಭಾವದವರು. ರಿಜಿಸ್ಟರ್ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಅದನ್ನು ಮೊದಲೇ ತೆರೆಸಲಿಲ್ಲ.

"ಸರ್, ಲ್ಯಾಟಿನ್‌ನಲ್ಲಿ ಯಾವ ಪದ ಯಾವುದಕ್ಕೆ ಸೇರತ್ತೆ ಅಂತ ಪದ ಇರೋ ಜಾಗದಿಂದ ಹೇಳ್ತೀರಾ, ಕೊನೆಯ ಅಕ್ಷರದಿಂದ ಹೇಳ್ತೀರಾ?"

ಅವರು ಸ್ವಲ್ಪ ಅಚ್ಚರಿಯಿಂದಲೇ ನನ್ನನ್ನು ನೋಡಿದರು. "ಕೊನೆಯ ಅಕ್ಷರದಿಂದ."

"ಈ ವಾಕ್ಯದಲ್ಲಿ ಫಿಲೋಮಿನಾಮ್ ಯಾವ ವಿಭಕ್ತಿ?"

"ದ್ವಿತೀಯಾ."

"ರೋಸಾ?"

"ಪ್ರಥಮಾ. ಅವಳೇ ಕರ್ತೃ."

"ಮಗಳು ಅನ್ನೋ ಪದ ಫಿಲಿಯಾ ಅಂತಿದ್ರೆ ಯಾರ ಕಡೆ? ಫಿಲಿಯಾಮ್ ಅಂತಿದ್ರೆ ಯಾರ ಕಡೆ?"

ಪ್ರಶ್ನೆ ಎಲ್ಲಿಗೆ ಹೋಗುತ್ತಿದೆಯೆಂದು ಅವರಿಗೆ ಆಗಲೇ ತಿಳಿದಿತ್ತೆಂದು ಕಾಣುತ್ತದೆ. ಆದರೂ ನೇರವಾಗಿ ಹೇಳಿದರು: "ಫಿಲಿಯಾ ಆದರೆ ರೋಸಾ ಮಗಳು. ಫಿಲಿಯಾಮ್ ಆದರೆ ಫಿಲೋಮಿನಾ ಮಗಳು. ಬೇರೆ ದಾರಿ ಇಲ್ಲ."

ಆಗ ರಿಜಿಸ್ಟರ್ ತೆರೆಸಿದೆ. ನ್ಯಾಯಾಲಯದ ಗುಮಾಸ್ತರು ಪುಟವನ್ನು ಅಗಲಿಸಿ ಹಿಡಿದರು. ನ್ಯಾಯಾಧೀಶರು ಬಾಗಿ ನೋಡಿದರು, ಎರಡೂ ಕಡೆಯ ವಕೀಲರು ನೋಡಿದೆವು, ಕೊನೆಗೆ ಪ್ರಾಧ್ಯಾಪಕರು ನೋಡಿದರು. ನೆಟ್ಟಗೆ ನಿಂತು ಹೇಳಿದರು: "ಈ ಅಕ್ಷರ ನನಗೆ ಕೊಟ್ಟ ಪ್ರತಿಯಲ್ಲಿ ಇರಲಿಲ್ಲ. ನನ್ನ ಅನುವಾದ ತಪ್ಪು. ಆಂಟೋನಿ ಮತ್ತು ಮರಿಯಳ ಮಗಳಾದ ಫಿಲೋಮಿನಾಳನ್ನು, ಜೋಸೆಫನ ಹೆಂಡತಿ ರೋಸಾ ಎತ್ತಿಕೊಂಡಳು. ಹಾಗೆ ಬರೆದುಕೊಳ್ಳಬೇಕು ಸ್ವಾಮಿ."

ನನ್ನ ವೃತ್ತಿಯಲ್ಲಿ ಅನೇಕ ಸಾಕ್ಷಿಗಳನ್ನು ಪ್ರಶ್ನಿಸಿದ್ದೇನೆ. ಅಷ್ಟು ಘನತೆಯಿಂದ ತನ್ನ ತಪ್ಪು ಒಪ್ಪಿಕೊಂಡವರನ್ನು ಮತ್ತೆ ಕಂಡಿಲ್ಲ.

ಹೊರಗೆ ಬಂದಾಗ ಫಿಲೋಮಿನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ನಡೆದದ್ದರಲ್ಲಿ ಅವರಿಗೆ ಅರ್ಧ ಅರ್ಥವಾಗಿತ್ತು. "ಅದನ್ನ ಒಂದ್ಸಲ ಓದಿ ಲಾಯರಮ್ಮ, ಅಲ್ಲಿ ಬರ್ದಂಗೇ" ಎಂದರು. ಓದಿದೆ. ಮರಿಯೆ ಫಿಲಿಯಾಮ್ ಎಂಬಲ್ಲಿ ಅವರು ನನ್ನ ಕೈ ಹಿಡಿದುಕೊಂಡರು. ಅಳಲಿಲ್ಲ. ಇನ್ನೊಮ್ಮೆ ಓದಿಸಿ ಕೇಳಿದರು.

ಅರುಳ್‌ರಾಜ್ ಸ್ವಲ್ಪ ದೂರದಲ್ಲಿ ನಿಂತಿದ್ದ. ಅವನು ಸುಳ್ಳು ಹೇಳುತ್ತಿದ್ದಾನೆಂದೇ ನಾನು ಆವರೆಗೆ ನಂಬಿದ್ದೆ. ಹತ್ತಿರ ಬಂದು ತಲೆ ತಗ್ಗಿಸಿ ಹೇಳಿದ: "ಅಕ್ಕಾ, ನಮ್ಮಮ್ಮ ನಿಮ್ಮಪ್ಪನ್ನ ಸಾಯೋವರೆಗೂ ಅಪ್ಪ ಅಂತಾನೇ ಕರೀತಿದ್ಲು. ಅಣ್ಣ ಅಂದಿದ್ದು ನಾನು ಒಂದಿನಾನೂ ಕೇಳಿಲ್ಲ."

"ಸಾಕಿದ್ದು ಅವ್ರೇ ಅಲ್ವಾ, ಅಪ್ಪ ಅಂದೇ ಅನ್ತಾಳೆ" ಎಂದರು ಫಿಲೋಮಿನಮ್ಮ. "ನನ್ನನ್ನ ಎತ್ತಿ ಆಡಿಸಿದವಳು ಕಣೋ ನಿಮ್ಮಮ್ಮ. ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ನಲ್ಲ."

ಕೆಲವು ತಿಂಗಳ ನಂತರ ದಾವೆ ವಜಾ ಆಯಿತು. ಮೇಲ್ಮನವಿಗೆ ಅವನು ಹೋಗಲಿಲ್ಲ. ತೀರ್ಪಿನ ಪ್ರತಿ ಕೊಟ್ಟಾಗ ಫಿಲೋಮಿನಮ್ಮ ತಾಯಿಯ ಹೆಸರು ಇರುವ ಸಾಲು ಎಲ್ಲಿದೆಯೆಂದು ಕೇಳಿ, ಅಲ್ಲಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ತಾವೇ ಓದಿಕೊಂಡರು.

ಈ ಕೇಸು ನನಗೆ ಕಲಿಸಿದ್ದನ್ನು ಕಿರಿಯ ವಕೀಲರಿಗೆ ಹೇಳುತ್ತಿರುತ್ತೇನೆ. ಪರಿಣತರನ್ನು ಪ್ರಶ್ನಿಸಲು ಅವರಷ್ಟು ಓದಿರಬೇಕಾಗಿಲ್ಲ, ಅವರ ವಿಷಯದ ಮೊದಲ ಪಾಠವನ್ನು ಸರಿಯಾಗಿ ಕಲಿತಿದ್ದರೆ ಸಾಕು. ಓದಲು ಬಾರದ ಕಾಗದಕ್ಕೆ "ತಕರಾರಿಲ್ಲ" ಎನ್ನಬಾರದು. ಬರುವುದಿಲ್ಲ ಎಂದು ಒಪ್ಪಿಕೊಂಡು ಕಲಿಯಲು ಹೊರಟರೆ ಕಲಿಸುವವರು ಎರಡು ಬೀದಿಯಾಚೆಯೇ ಇರುತ್ತಾರೆ. ಕಳೆದ ತಿಂಗಳು ಆಯನೂರಿನ ಕುಟುಂಬವೊಂದು ಉರ್ದುವಿನಲ್ಲಿದ್ದ ಹಳೆಯ ನಿಕಾಹ್‌ನಾಮೆ, ಅಂದರೆ ಮದುವೆಯ ಕರಾರುಪತ್ರ, ತಂದಿತು. ಕನ್ನಡ ಅನುವಾದವೂ ಜೊತೆಗಿತ್ತು, ನೋಡಲು ಅಚ್ಚುಕಟ್ಟಾಗಿತ್ತು. ಅದನ್ನು ಪಕ್ಕಕ್ಕಿಟ್ಟು, ಜೊತೆಯಲ್ಲಿ ಬಂದಿದ್ದ, ಉರ್ದು ಓದುಬರಹ ಬಲ್ಲ ಅಜ್ಜಿ ಜುಬೇದಾ ಬೀ ಅವರ ಮುಂದೆ ಒಂದು ಖಾಲಿ ನೋಟ್‌ಬುಕ್ ಇಟ್ಟೆ. ಈಗ ಪ್ರತಿ ಶನಿವಾರ ಅವರು ಬರುತ್ತಾರೆ, ನನ್ನ ಅಕ್ಷರ ನೋಡಿ ನಗುತ್ತಾರೆ, ಮತ್ತೆ ಬರೆಸುತ್ತಾರೆ.