ಸಾಲ ಮಾಡಲು ಕಲಿತ ವರ್ಷ

ಆ ದಿನ ಬೆಳಿಗ್ಗೆ ಐದಕ್ಕೆ ನಲ್ಲಿಯಲ್ಲಿ ನೀರು ಬಂತು. ಎರಡು ಡ್ರಮ್ಮು, ನಾಲ್ಕು ಬಿಂದಿಗೆ ತುಂಬಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ಮೂರು ರವಿಕೆಗೆ ಹುಕ್ಸು ಹಾಕಿದೆ, ಒಂದು ಸೀರೆಗೆ ಫಾಲ್ ಹೊಲಿದೆ. ಹುರುಳಿಕಾಯಿ ಸೋಸಿಟ್ಟೆ. ಮನೆ ಮಾಲೀಕರ ಹೆಂಡತಿಗೆ ಹೆಪ್ಪಿಗೆಂದು ಒಂದು ಸೌಟು ಮೊಸರು ಕೊಟ್ಟೆ. ಯಜಮಾನರ ಬಿಳಿ ಷರ್ಟಿಗೆ ಇಸ್ತ್ರಿ ಹಾಕಿದೆ. ಹನ್ನೊಂದು ಗಂಟೆಗೆ ಇಬ್ಬರೂ ಜಯನಗರ ನಾಲ್ಕನೇ ಬ್ಲಾಕಿನ ಬ್ಯಾಂಕಿಗೆ ಹೋಗಿ, ನಾವು ಸಾಲಕ್ಕೆ ಯೋಗ್ಯರಲ್ಲ ಎಂದು ತಿಳಿದುಕೊಂಡು ಬಂದೆವು. ಬರುವಾಗ ಕರಿಬೇವು ತಂದೆ.

ಇದು ಎರಡು ಸಾವಿರದ ಏಳು, ಎಂಟರ ಸುಮಾರಿನ ಮಾತು. ಯಜಮಾನರು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರ್. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಅರೆಕೆರೆಯಲ್ಲಿ ಹನ್ನೆರಡು ವರ್ಷದಿಂದ ಒಂದೇ ಮನೆಯಲ್ಲಿ ಬಾಡಿಗೆಗಿದ್ದೆವು: ಒಂದು ಕೋಣೆ, ಒಂದು ಅಡುಗೆಮನೆ. ನನ್ನ ಹೊಲಿಗೆ ಮೆಷಿನ್ನು ಮಂಚಕ್ಕೂ ಬಾಗಿಲಿಗೂ ನಡುವೆ ಇತ್ತು. ಯಾರಾದರೂ ಒಳಗೆ ಬರಬೇಕಾದರೆ ನಾನು ಎದ್ದು ನಿಲ್ಲಬೇಕು.

ಮಾಲೀಕರು ಅರೆಕೆರೆಯ ಹಳಬರು, ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆದವರು. ರಾಗಿ ಹೊಲವನ್ನು ಬಿಲ್ಡರ್ ಒಬ್ಬನಿಗೆ ಕೊಟ್ಟು, ಅಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ತಮ್ಮ ಪಾಲಿಗೆ ನಾಲ್ಕು ಮನೆ ಬರೆಸಿಕೊಂಡಿದ್ದರು. ಅದರಲ್ಲಿ ಒಂದನ್ನು ನಮಗೇ ಕೊಡುವುದಾಗಿ ಮಾತು ಕೊಟ್ಟಿದ್ದರು, ಅದೂ ಹಳೆಯ ರೇಟಿಗೆ. ಎರಡನೇ ಮಹಡಿ, ಪೂರ್ವಕ್ಕೆ ಕಿಟಕಿ. ಆ ಕಿಟಕಿಯ ಕೆಳಗೆ ನನ್ನ ಮೆಷಿನ್ನು ಎಷ್ಟು ಜಾಗ ಹಿಡಿಯುತ್ತದೆಂದು ಯಜಮಾನರು ಗಾರೆ ಒಣಗುವ ಮುಂಚೆಯೇ ಟೇಪಿನಲ್ಲಿ ಎರಡು ಸಲ ಅಳೆದು ಬಂದಿದ್ದರು. ಮಾಲೀಕರ ಷರತ್ತು ಒಂದೇ.

"ಲಿಫ್ಟ್ ಕೂರಿಸೋ ದಿನದವರೆಗೂ ಇಟ್ಕೊಂಡಿರ್ತೀನಿ ಮಾಸ್ಟ್ರೇ. ಆಮೇಲೆ ಬಿಟಿಎಂ ಲೇಔಟ್ ಪಾರ್ಟಿ ಒಂದು ಕ್ಯಾಷ್ ಇಟ್ಕೊಂಡು ಕೂತೈತೆ. ನನ್ನ ಮಗಳ ಮದುವೆನೂ ಆಗ್ಬೇಕು, ನನ್ನ ಬೈಕೋಬೇಡಿ."

ಅದಕ್ಕೇ ಬ್ಯಾಂಕು. ಸಾಲದ ಮೇಜಿನಲ್ಲಿದ್ದ ಹುಡುಗಿಗೆ ನಮ್ಮ ಅರ್ಧ ವಯಸ್ಸು. ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಇದಕ್ಕೆ ಮುಂಚೆ ಯಾವ ಲೋನ್ ತಗೊಂಡಿದ್ರಿ ಸಾರ್?" ಎಂದಳು.

ಯಜಮಾನರು ಬೆನ್ನು ನೇರ ಮಾಡಿಕೊಂಡರು. "ಒಂದು ಪೈಸೆ ಇಲ್ಲ ಮೇಡಂ. ಮದುವೆಯಾಗಿ ಹತ್ತೊಂಬತ್ತು ವರ್ಷ ಆಯ್ತು. ಅಂಗಡೀಲೂ ಬಾಕಿ ಬರೆಸಿಲ್ಲ."

"ಅದೇ ಪ್ರಾಬ್ಲಂ."

ಅವಳೇನೋ ತಮಾಷೆ ಮಾಡುತ್ತಿದ್ದಾಳೆಂದು ನಾವಿಬ್ಬರೂ ನಕ್ಕೆವು. ಅವಳು ನಗಲಿಲ್ಲ. ಸಂಬಳ ಸಣ್ಣದು, ವಯಸ್ಸು ನಲವತ್ತಾರು, ಇಂಥ ಕೇಸಿನಲ್ಲಿ ಮೇಲಿನವರು ಹಳೆಯ ಸಾಲ ಹೇಗೆ ತೀರಿಸಿದ್ದಾರೆಂದು ನೋಡುತ್ತಾರೆ, ನಿಮ್ಮ ಹೆಸರು ಹೊಡೆದರೆ ಏನೂ ಬರುವುದಿಲ್ಲ ಎಂದು ವಿವರಿಸಿದಳು. ಹೀಗೇನಾದರೂ ಕೇಳಿಯಾರೆಂದು ನಾನು ಹನ್ನೆರಡು ವರ್ಷದ ಮನೆಲೆಕ್ಕದ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ತಂದಿದ್ದೆ. ಹಾಲು, ಬಾಡಿಗೆ, ಚೀಟಿ ಹಣ, ಯಾವುದೂ ಒಂದು ದಿನ ತಪ್ಪಿಲ್ಲ. ತೆಗೆದು ಮೇಜಿನ ಮೇಲೆ ಪೇರಿಸಿದೆ. ಅವಳು ಒಂದನ್ನು ಬಿಡಿಸಿ ಗಟ್ಟಿಯಾಗಿ ಓದಿದಳು:

"ಬಾಡಿಗೆ ಕೊಟ್ಟೆ. ಹುಳಿಗೆ ಉಪ್ಪು ಜಾಸ್ತಿ. ಅವರು ಏನೂ ಅನ್ನಲಿಲ್ಲ, ಮಜ್ಜಿಗೆ ಎರಡು ಸಲ ಹಾಕಿಸಿಕೊಂಡರು."

ಈಗ ಅವಳು ನಕ್ಕಳು. "ಆಂಟಿ, ನಾನಾಗಿದ್ರೆ ಇದನ್ನ ನೋಡಿನೇ ಕೊಡ್ತಿದ್ದೆ. ಕಂಪ್ಯೂಟರ್‌ಗೆ ಹುಳಿ ಗೊತ್ತಾಗಲ್ಲ. ಒಂದು ಕೆಲಸ ಮಾಡಿ. ಸಾರ್ ಹೆಸರಲ್ಲಿ ಏನಾದ್ರೂ ಕಂತಿನ ಮೇಲೆ ತಗೊಳ್ಳಿ. ತಿಂಗಳು ತಿಂಗಳು ಕಟ್ಟಿ. ಆಮೇಲೆ ಬನ್ನಿ."

ಮನೆಗೆ ಬಂದಾಗ ಮಾಲೀಕರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಏನ್ ಮಾಸ್ಟ್ರೇ, ಬಿಳೀ ಷರ್ಟ್ ಹಾಕ್ಕೊಂಡು ಹೋದೋರು ಮುಖ ಕಪ್ಪಿಟ್ಕೊಂಡು ಬಂದ್ರಿ?"

"ಸಾಲ ಮಾಡಿಲ್ಲ ಅಂತ ಸಾಲ ಕೊಡಲ್ವಂತೆ ಅಣ್ಣ."

"ಅಯ್ಯೋ ನಿಮ್ಮ! ನನ್ನ ನೋಡಿ ಕಲೀರಿ. ಬೋರ್‌ವೆಲ್‌ಗೆ ಸಾಲ, ಟ್ರ್ಯಾಕ್ಟರ್‌ಗೆ ಸಾಲ, ಟ್ರ್ಯಾಕ್ಟರ್ ಮಾರಿದ್ಮೇಲೆ ಜೀಪಿಗೆ ಸಾಲ. ಡಿಸೆಂಬರ್ ಬಂದ್ರೆ ಬ್ಯಾಂಕ್‌ನೋರೇ ಬಂದು ಕ್ಯಾಲೆಂಡರ್ ಕೊಟ್ಟು ಕಾಫಿ ಕುಡ್ಕೊಂಡು ಹೋಗ್ತಾರೆ. ನಿಮಗೆ ಯಾವತ್ತಾದ್ರೂ ಕ್ಯಾಲೆಂಡರ್ ಬಂದೈತಾ?"

ಬಂದಿರಲಿಲ್ಲ. ನಮ್ಮ ಗೋಡೆಯ ಮೇಲಿದ್ದದ್ದು ಅವರು ತಮಗೆ ಹೆಚ್ಚಾಗಿ ಬಂದದ್ದರಲ್ಲಿ ಕೊಟ್ಟದ್ದೇ.

ಶ್ರಾವಣದಲ್ಲಿ ಫ್ರಿಜ್ಜು ತಂದೆವು. ಹನ್ನೆರಡು ಕಂತು, ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ನಾಲ್ಕನೇ ಬ್ಲಾಕಿನ ಅಂಗಡಿಯ ಮೇಲಿದ್ದ ಕೌಂಟರಿನಲ್ಲಿ ಕಟ್ಟಬೇಕು. ಫ್ರಿಜ್ಜಿಲ್ಲದೆ ನನಗೆ ಏನೂ ಕಡಿಮೆಯಾಗಿರಲಿಲ್ಲ. ದಿನದ ತರಕಾರಿ ದಿನ ತರುವ ಮನೆ, ಒಳಗಿಡಲು ಏನೂ ಇಲ್ಲ. ಮೊದಲ ವಾರ ಅದರಲ್ಲಿ ಇದ್ದದ್ದು ಆರು ಬಾಟಲಿ ನೀರು ಮತ್ತು ಮಾಲೀಕರ ಹೆಂಡತಿಯ ಮಲ್ಲಿಗೆ ದಂಡೆ. ಯಜಮಾನರಂತೂ ಅದನ್ನು ನೆಂಟರ ಮನೆಯ ಮಗುವಿನಂತೆ ನೋಡುತ್ತಿದ್ದರು. ಊಟಕ್ಕೆ ಕೂತಾಗ ಅದು ಒಂದು ಸಲ ಗುರ್ ಎಂದರೆ ಅವರ ತುತ್ತು ಅಲ್ಲೇ ನಿಲ್ಲುತ್ತಿತ್ತು.

"ಕೇಳ್ತಿದೆಯಾ? ದುಡ್ಡು ಕೇಳ್ತಿದೆ."

"ಕಂಪ್ರೆಸರ್ ಕಣ್ರೀ. ಊಟ ಮಾಡಿ."

ಐದನೇ ತಾರೀಖಿನ ಕಂತನ್ನು ಒಂದನೇ ತಾರೀಖೇ ಹೋಗಿ ಕಟ್ಟುತ್ತಿದ್ದರು. ಆದರೂ ಸಮಾಧಾನವಿಲ್ಲ. ನಾಲ್ಕನೇ ತಿಂಗಳು ದೀಪಾವಳಿ ಬೋನಸ್ ಬಂತು. ಇಲ್ಲಿ ನಾನು ಅವರೊಬ್ಬರ ಮೇಲೆ ಹಾಕಿ ತಪ್ಪಿಸಿಕೊಳ್ಳಬಾರದು. ಬೋನಸ್ಸಿನಲ್ಲಿ ಸ್ವಲ್ಪ ಕಡಿಮೆ ಬಿದ್ದದ್ದನ್ನು ನನ್ನ ಚೀಟಿ ಹಣದಿಂದ ತುಂಬಿಕೊಟ್ಟವಳು ನಾನೇ. ಉಳಿದ ಕಂತೆಲ್ಲ ಒಂದೇ ಏಟಿಗೆ ಕಟ್ಟಿ, ಬಾಕಿ ಇಲ್ಲ ಎಂಬ ಕಾಗದಕ್ಕೆ ಸೀಲು ಹಾಕಿಸಿಕೊಂಡು ಬಂದೆವು. ಕಾಗದಕ್ಕೆ ಅರಿಸಿನ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟೆ. ಸಬ್ಬಕ್ಕಿ ಪಾಯಸ ಮಾಡಿದೆ. ಹಬ್ಬ ಕಳೆದ ಮೇಲೆ ಅದೇ ಕಾಗದ ಹಿಡಿದು, ಬಿಳಿ ಷರ್ಟಿನಲ್ಲಿ, ಬ್ಯಾಂಕಿಗೆ ಹೋದೆವು.

ಹುಡುಗಿ ಕಾಗದವನ್ನೂ, ಅದರ ಮೇಲಿನ ಕುಂಕುಮವನ್ನೂ ನೋಡಿದಳು. ಎರಡೂ ಕೈ ಹಣೆಗೆ ಹೋಯಿತು.

"ತೀರಿಸ್ಬಿಟ್ರಾ?"

"ಪೂರ್ತಿ!" ಎಂದರು ಯಜಮಾನರು.

"ಸಾರ್, ನಿಮ್ಮ ಹತ್ರ ದುಡ್ಡಿದ್ಯಾ ಅಂತ ಅಲ್ಲ ನಾವು ನೋಡೋದು. ವರ್ಷಗಟ್ಟಲೆ ಬಿಡದೆ ಕಟ್ತೀರಾ ಅಂತ. ಮೂರು ತಿಂಗಳು ಕಟ್ಟಿ ಮುಗಿಸಿದ್ರೆ ಏನ್ ಗೊತ್ತಾಗುತ್ತೆ? ಇನ್ನೊಂದು ತಗೊಳ್ಳಿ. ಹನ್ನೆರಡಕ್ಕೆ ಹನ್ನೆರಡೂ ಕಟ್ಟಿ. ಬೇಗ ತೀರಿಸ್ಬೇಡಿ, ಕೈ ಮುಗೀತೀನಿ."

ಹೊರಗೆ ಬಂದು ಎಳನೀರು ಕುಡಿದೆವು. ಅಷ್ಟು ಹೊತ್ತಿಗೆ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ತಾರಸಿ ಹಾಕಿ ಆಗಿತ್ತು. ಇನ್ನೊಂದು ವರ್ಷ ಎಂದರೆ ಲಿಫ್ಟು ಬಂದೇ ಬರುತ್ತದೆ, ಮನೆ ಬಿಟಿಎಂ ಪಾರ್ಟಿಗೆ ಹೋಗುತ್ತದೆ. ಬಿಲ್ಡರ್ ನಿಧಾನ ಮಾಡಲಿ ಎಂದು ದೇವರಿಗೆ ಹರಕೆ ಹೊತ್ತವರು ಬೆಂಗಳೂರಿನಲ್ಲಿ ನಾವಿಬ್ಬರೇ ಇರಬೇಕು. ಹರಕೆ ಫಲಿಸಿತು. ಲಿಫ್ಟಿನ ಗುಂಡಿ ತೋಡುವಾಗ ಬಂಡೆ ಸಿಕ್ಕಿತು. ಮಾಲೀಕರು ಬಿಲ್ಡರನನ್ನು ಬೀದಿಗೆ ಕೇಳುವಂತೆ ಬೈಯುತ್ತಿದ್ದರೆ ನಾನು ಒಳಗೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ.

ಎರಡನೇ ಸಲ ಕಂತಿನ ಮೇಲೆ ಮೋಟಾರಿನ ಹೊಲಿಗೆ ಮೆಷಿನ್ನು ತಂದೆವು. ಈ ಸಲ ನಾನು ಜಾಗ್ರತೆಯಾಗಿದ್ದೆ. ಯಜಮಾನರ ಕೈಗೆ ಹಣ ಸಿಕ್ಕರೆ ತೀರಿಸಿಬಿಡುತ್ತಾರೆಂದು, ಉಳಿತಾಯವನ್ನೆಲ್ಲ ಮಾಲೀಕರ ಹೆಂಡತಿಯ ಬಳಿ ಕೊಟ್ಟಿಟ್ಟೆ. ಆಕೆ ಅದನ್ನು ತಮ್ಮ ರಾಗಿ ಡಬ್ಬದಲ್ಲಿಟ್ಟು, ಗಂಡನಿಗೂ ವಿಷಯ ಹೇಳಿದರು. ಅಂದಿನಿಂದ ಗೇಟಿನಲ್ಲಿ ತಪಾಸಣೆ.

"ಎಲ್ಲಿಗೆ ಮಾಸ್ಟ್ರೇ?"

"ಸೊಪ್ಪಿಗೆ ಅಣ್ಣ."

"ಜೇಬು ತೋರಿಸಿ."

"ಅಣ್ಣ, ಸೊಪ್ಪಿಗೆ ದುಡ್ಡು ಬೇಡ್ವಾ?"

"ಇಪ್ಪತ್ ರೂಪಾಯ್ಗೆ ಸೊಪ್ಪು. ಐನೂರು ಯಾಕೆ? ಆಕಡೆ ನಾಲ್ಕನೇ ಬ್ಲಾಕ್ ಬಸ್ ನಿಂತೈತೆ, ನನಗೆ ಕಾಣಲ್ವಾ? ವಾಪಸ್ ಇಟ್ಟು ಬನ್ನಿ."

ಒಳಗಿನಿಂದ ಅವರ ಹೆಂಡತಿ, "ಸಾಲಗಾರನ್ನ ದುಡ್ಡು ಕಟ್ಟು ಅಂತ ಹಿಡ್ಕೊಳ್ಳೋದು ನೋಡಿದೀನಿ, ಕಟ್ಟಬೇಡ ಅಂತ ಹಿಡ್ಕೊಳ್ಳೋದು ಇದೇ ಮೊದಲು!" ಎಂದು ನಗುತ್ತಿದ್ದರು.

ಏಳು ಕಂತು ಹೀಗೆ ಸರಿಯಾಗಿ ಕಳೆಯಿತು. ಒಂದನೇ ತಾರೀಖು ಬೇಡ, ಅವಸರ ಕಾಣಿಸಬಾರದು ಎಂದು ನಾನೇ ಐದನೇ ತಾರೀಖಿಗೆ ಕಳಿಸುತ್ತಿದ್ದೆ. ಎಂಟನೇ ತಿಂಗಳ ಐದಕ್ಕೆ ಬಂದ್ ಆಯಿತು. ಬಸ್ಸಿಲ್ಲ, ಆಟೋ ಇಲ್ಲ. ಯಜಮಾನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕೊಡೆ ಹಿಡಿದು ಅರೆಕೆರೆಯಿಂದ ನಡೆದೇ ಹೊರಟರು. ಮಧ್ಯಾಹ್ನ ಮೂರಕ್ಕೆ ವಾಪಸಾದರು, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಕೌಂಟರ್ ಮುಚ್ಚಿತ್ತು. ಆದರೆ ಜೇಬಿನಿಂದ ಒಂದು ಚೀಟಿ ತೆಗೆದರು. ಅಂಗಡಿಯ ವಾಚ್‌ಮನ್ ಬರೆದುಕೊಟ್ಟದ್ದು: "ಇವರು ಐದನೇ ತಾರೀಕು ಹನ್ನೆರಡು ಗಂಟೆಗೆ ಬಂದಿದ್ದರು. ದುಡ್ಡು ತೋರಿಸಿದರು. ಬಾಗಿಲು ಹಾಕಿತ್ತು." ಕೆಳಗೆ ಸಹಿ, ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟು.

"ಸಹಿ ಇದ್ಮೇಲೆ ಹೆಬ್ಬೆಟ್ಟು ಯಾಕ್ರೀ?"

"ಗಟ್ಟಿಗಿರ್ಲಿ ಅಂತ ನಾನೇ ಹೇಳ್ದೆ."

ಆರನೇ ತಾರೀಖು ಕಟ್ಟಿದರು. ಆದರೆ ಆ ಒಂದು ದಿನ ನಮ್ಮ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಉಳಿದ ನಾಲ್ಕು ಕಂತನ್ನು ಕಟ್ಟುವಾಗಲೂ ಅದೇ ಯೋಚನೆ. ಆಚೆ ಬಂಡೆ ಒಡೆದಾಗಿತ್ತು. ಲಿಫ್ಟಿನ ಬಾಗಿಲುಗಳು ಲಾರಿಯಲ್ಲಿ ಬಂದು ಮರಳಿನ ಗುಡ್ಡೆಗೆ ಒರಗಿ ನಿಂತಿದ್ದವು. ಮಾಲೀಕರೂ ಗೇಟಿನಲ್ಲಿ ತಮಾಷೆ ಕಡಿಮೆ ಮಾಡಿದ್ದರು. "ಬಿಟಿಎಂನೋರು ದಿನಾ ಫೋನ್ ಮಾಡ್ತಾವ್ರೆ ಮಾಸ್ಟ್ರೇ," ಎಂದಷ್ಟೇ ಹೇಳಿ ಬೇರೆ ಕಡೆ ನೋಡುತ್ತಿದ್ದರು.

ಡಿಸೆಂಬರಿನಲ್ಲಿ ಬ್ಯಾಂಕಿಗೆ ಹೋದೆವು. ಹುಡುಗಿ ಹನ್ನೆರಡು ರಸೀದಿಯನ್ನೂ ಎಣಿಸಿ, ಕಂಪ್ಯೂಟರಿನಲ್ಲಿ ಹೆಸರು ಹೊಡೆದಳು. ಈ ಸಲ ಏನೋ ಬಂತು. ಅವಳು ಬಾಯಿ ತೆರೆಯುವ ಮುಂಚೆಯೇ ಯಜಮಾನರು ವಾಚ್‌ಮನ್ನನ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಏನ್ ಸಾರ್ ಇದು?"

"ಒಂದು ದಿನ ತಪ್ತು ಮೇಡಂ. ಬಂದ್ ಇತ್ತು. ಆದ್ರೆ ನಾನು ಹೋಗಿದ್ದೆ."

ಅವಳು ಓದಿದಳು. ಹೆಬ್ಬೆಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಒಂದು ದಿನಕ್ಕೆ ಏನೂ ಆಗಲ್ಲ ಸಾರ್," ಎಂದಳು. ಆದರೂ ಅದನ್ನು ಎಸೆಯದೆ ಎಲ್ಲ ಕಾಗದಗಳ ಮೇಲೆ ಪಿನ್ ಹಾಕಿ, ಎದ್ದು ಮ್ಯಾನೇಜರರ ಕೋಣೆಗೆ ಹೋದಳು. ಗಾಜಿನಾಚೆ ಮ್ಯಾನೇಜರರ ಹೊಟ್ಟೆ ಕುಲುಕಿದ್ದು ಕಾಣಿಸಿತು. ಅವರು ಪೆನ್ನು ತೆಗೆದದ್ದೂ ಕಾಣಿಸಿತು.

ಸಾಲ ಹದಿನಾಲ್ಕು ವರ್ಷಕ್ಕೆ ಮಂಜೂರಾಯಿತು. ಹೊರಡುವಾಗ ಯಜಮಾನರು ಬಾಗಿಲ ಬಳಿ ನಿಂತು, "ಮೇಡಂ, ಬೋನಸ್ ಬಂದಾಗ ಸ್ವಲ್ಪ ಜಾಸ್ತಿ..." ಎಂದು ಶುರು ಮಾಡಿದರು. ನಾನು ತೋಳು ಹಿಡಿದು ಎಳೆದೆ. ಹುಡುಗಿ ಹಿಂದಿನಿಂದ ಓಡಿ ಬಂದಳು. ಕೈಯಲ್ಲಿ ಸುರುಳಿ ಸುತ್ತಿದ ಹೊಸ ಕ್ಯಾಲೆಂಡರ್.

ಮಾಲೀಕರು ಗೇಟಿನಲ್ಲಿ ಅದನ್ನು ಬಿಚ್ಚಿ, ದೂರ ಹಿಡಿದು ನೋಡಿದರು. "ಈಗ ನೀವು ಮನುಷ್ಯರಾದ್ರಿ ಮಾಸ್ಟ್ರೇ," ಎಂದು ಒಳಗೆ ಹೋಗಿ ಬಿಟಿಎಂಗೆ ಫೋನ್ ಮಾಡಿದರು.

ರಾತ್ರಿ ಮುದ್ದೆ, ಅವರೆಕಾಳು ಸಾರು, ಮಾಲೀಕರ ಮನೆಯಿಂದ ಬಂದ ಎರಡು ಒಬ್ಬಟ್ಟು. ಮೊಸರು ಫ್ರಿಜ್ಜಿನಲ್ಲಿಟ್ಟದ್ದು, ತಣ್ಣಗಿತ್ತು. ಮೂರು ಕಂತಿನ ಫ್ರಿಜ್ಜಿಗೆ ನಿದ್ದೆ ಕೆಟ್ಟವರು, ಹದಿನಾಲ್ಕು ವರ್ಷದ ಸಾಲ ತಲೆಯ ಮೇಲಿಟ್ಟುಕೊಂಡು, ನಾನು ಪಾತ್ರೆ ತೊಳೆದು ಬರುವುದರೊಳಗೆ ಗೊರಕೆ ಹೊಡೆಯುತ್ತಿದ್ದರು. ನಾನು ಕ್ಯಾಲೆಂಡರಿಗೆ ಮೊಳೆ ಹುಡುಕುತ್ತಾ ಎಚ್ಚರವಾಗಿದ್ದೆ.