ಉಗೊಯೆಯ ಹೆಬ್ಬೆರಳು

ಉಮುಮಿರಿಯ ಕೋರ್ಟಿನಲ್ಲಿ ಕೂತ ಒಬ್ಬಳೇ ಹೆಂಗಸು ಉಗೊಯೆ. ಅವಳ ಮನೆ ಗೋಡೆಗೆ ಮೊದಲ ಒನಕೆ ಏಟು ಹಾಕಿದವಳು ನಾನು, ಅದಾಕು. ಇವೆರಡರಲ್ಲಿ ಒಂದನ್ನು ಬಿಟ್ಟು ಅವಳ ಕತೆ ಹೇಳುವವರನ್ನು ನಂಬಬೇಡಿ.

ನಾವಿಬ್ಬರೂ ವ್ಯಾಪಾರಕ್ಕೆ ಇಳಿದದ್ದು ಒಂದೇ ದೋಣಿಯಲ್ಲಿ. ಒಣಮೀನು ತುಂಬಿಕೊಂಡು ಒರಿಮಿಲಿ ನದಿಯಲ್ಲಿ ಮೇಲಕ್ಕೆ ಹೋಗುವುದು, ಗೆಣಸು ಹೇರಿಕೊಂಡು ಕೆಳಕ್ಕೆ ಬರುವುದು. ನಾನು ಒಣಮೀನಿನಲ್ಲೇ ಉಳಿದೆ. ಅವಳು ತಾಳೆಎಣ್ಣೆಗೆ ಕೈ ಹಾಕಿದಳು. ತಲೆಗೂದಲು ನರೆಯುವ ಮೊದಲೇ ಅವಳಿಗೆ ಹನ್ನೊಂದು ದೋಣಿಗಳಾದವು, ಬಿಳಿಯರ ಕಂಪನಿಯ ಹಡಗು ಅರ್ಧ ತುಂಬುತ್ತಿದ್ದುದೇ ಅವಳ ಎಣ್ಣೆಯಿಂದ. ಗಂಡಸರು ಹೊಟ್ಟೆ ಉರಿದುಕೊಂಡರು, ಅವಳು ಕ್ಯಾರೇ ಅನ್ನಲಿಲ್ಲ. ಕೊನೆಗೆ ಜಿಲ್ಲೆಯ ಬಿಳಿ ದೊರೆ ಅವಳನ್ನು ಕರೆಸಿ, ಕೋರ್ಟಿನಲ್ಲಿ ನ್ಯಾಯ ಹೇಳುವ ಹನ್ನೆರಡು ಗಂಡಸರ ನಡುವೆ ಕುರ್ಚಿ ಕೊಟ್ಟು, ಕೋರ್ಟಿನ ಟೋಪಿ ಹಾಕಿಸಿದ. ಬಿಸಿಲಿಗೆ ಅವನ ಕಿವಿ ಕೆಂಪಾಗುತ್ತಿದ್ದುದರಿಂದ ನಾವು ಕೆಂಗಿವಿ ಅನ್ನುತ್ತಿದ್ದೆವು. ಆ ದಿನ ಇಡೀ ಸಂತೆ ಕುಣಿಯಿತು. ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ.

ನಮ್ಮ ವಾರಕ್ಕೆ ನಾಲ್ಕು ದಿನ: ಎಕೆ, ಓರಿಯೆ, ಅಫೊ, ಎನ್ಕ್ವೊ. ನಮ್ಮ ಸಂತೆ ಎನ್ಕ್ವೊ ದಿನ. ಉಳಿದ ಮೂರು ದಿನ ಸುತ್ತಲಿನ ಮೂರು ಊರಿನವು. ಮಡಕೆಯವಳು, ಉಪ್ಪಿನವಳು, ನಾನು, ಎಲ್ಲರೂ ಈ ನಾಲ್ಕು ಸಂತೆ ಸುತ್ತಿಯೇ ಹೊಟ್ಟೆ ಹೊರೆಯುವವರು. ಹೀಗಿರುವಾಗ ಒಂದು ಬೆಳಿಗ್ಗೆ ಕೋರ್ಟಿನ ದುಭಾಷಿ ಒಕೋಲಿ ಜಾಗಟೆ ಬಾರಿಸುತ್ತ ಬಂದ. ಇನ್ನು ಮೇಲೆ ಏಳು ದಿನಕ್ಕೊಮ್ಮೆ, ಹಡಗು ಬರುವ ಶನಿವಾರ, ಕಂಪನಿಯ ಕಟ್ಟೆಯ ಬಳಿಯೇ ಸಂತೆಯಂತೆ. ಎನ್ಕ್ವೊ ದಿನ ಕೂತವರ ಸರಕು ಜಪ್ತಿಯಂತೆ. ಹುಕುಮಿನ ಕಾಗದದ ಮೇಲೆ ಉಗೊಯೆಯ ಹೆಬ್ಬೆಟ್ಟೂ ಇದೆಯಂತೆ.

ನಾನು ಮೀನಿನ ಬುಟ್ಟಿ ಅಲ್ಲೇ ಬಿಟ್ಟು ಅವಳ ಮನೆಗೆ ಹೋದೆ. ಸುಟ್ಟ ಗೆಣಸನ್ನು ಎಣ್ಣೆಯಲ್ಲಿ ಅದ್ದಿ ತಿನ್ನುತ್ತಿದ್ದಳು.

"ಹೌದೇನೇ, ನೀನೇ ಒತ್ತಿದ್ದಾ?"

"ಒತ್ತಿದೆ. ಸಂತೆ ದಿನವೇ ಹಡಗು ಬಂದ್ರೆ ಎಲ್ಲರಿಗೂ ಒಳ್ಳೇದಲ್ವಾ?"

"ಹಡಗಿಗೆ ಹಾಕೋ ಎಣ್ಣೆ ಇರೋದು ನಿನ್ನ ಹತ್ರ. ಶನಿವಾರ ಎಕೆ ದಿನ ಬಿದ್ರೆ ಮಡಕೆಯವಳು ಪಕ್ಕದೂರಿಗೆ ಹೋಗ್ಬೇಕಾ, ಇಲ್ಲಿಗೆ ಬರ್ಬೇಕಾ? ತನ್ನನ್ನ ಎರಡು ಹೋಳು ಮಾಡ್ಕೋಬೇಕಾ?"

"ನಾಲ್ಕು ದಿನ ಕಷ್ಟ ಆಗತ್ತೆ, ಆಮೇಲೆ ಒಗ್ಗತ್ತೆ. ನನ್ನ ಮಾತು ಕೇಳಿ ಯಾವತ್ತಾದ್ರೂ ಕೆಟ್ಟಿದೀರಾ?"

"ಅದಿರ್ಲಿ. ನಮ್ಮನ್ನ ಕೇಳಿದ್ಯಾ?"

ಅವಳು ಗೆಣಸು ಅಗಿಯುತ್ತಲೇ ಇದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಹೆಂಡತಿಗೆ ಹೊಡೆಯುವ ಗಂಡಸಿಗೆ ನಾವು ಮಾಡುವ ಮರ್ಯಾದೆ ಒಂದಿದೆ. ಮುಖಕ್ಕೆ ಬೂದಿ ಬಳಿದುಕೊಂಡು, ತಲೆಗೆ ಸೊಪ್ಪು ಸುತ್ತಿಕೊಂಡು, ಒನಕೆ ಹಿಡಿದು ಅವನ ಅಂಗಳದಲ್ಲಿ ಕೂರುತ್ತೇವೆ. ತಪ್ಪಾಯಿತು ಅನ್ನುವವರೆಗೆ ಹಾಡಿನಲ್ಲೇ ಅವನ ನೀರಿಳಿಸುತ್ತೇವೆ. ಹೆಂಗಸಿನ ಅಂಗಳದಲ್ಲಿ ಕೂತದ್ದು ಅದೇ ಮೊದಲು. ಹಾಡು ಕಟ್ಟಿದವಳು ನಾನು:

"ಉಗೊಯೆಗೆ ಟೋಪಿ ಬಂತು, ಟೋಪಿ ಬಂತು, ಒಳಗಿದ್ದ ತಲೆ ಎಲ್ಲಿಗೆ ಹೋಯ್ತು?"

ಎರಡು ದಿನ ಹಾಡಿದೆವು. ಒನಕೆ ಏಟಿಗೆ ಗೋಡೆಯ ಮಣ್ಣು ಉದುರಿತು. ನನ್ನ ಗೆಳತಿಯ ಮನೆಯದು, ನನ್ನ ಕೈಯಿಂದಲೇ. ಹಾಡುತ್ತಲೇ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮೂರನೆಯ ಬೆಳಿಗ್ಗೆ ಉಗೊಯೆ ಬಾಗಿಲು ತೆರೆದಳು. ತಲೆಯ ಮೇಲೆ ಟೋಪಿ ಇರಲಿಲ್ಲ, ಮುಖದ ಮೇಲೆ ಬೂದಿ ಇತ್ತು.

"ಹಾಡೇನೋ ಚೆನ್ನಾಗಿದೆ ಅದಾಕು. ರಾಗ ಮಾತ್ರ ನಿಮ್ಮನೆ ಮೇಕೇದು." ಆಮೇಲೆ ಎಲ್ಲರ ಕಡೆ ತಿರುಗಿದಳು. "ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ಟೋಪಿ ತಲೆಗೇರಿತ್ತು. ತಪ್ಪು ನಂದೇ. ಈಗ ಏಳಿ, ಕೆಲಸ ಇದೆ."

ತಾಳೆಯ ಎಳೆಗರಿ ಕಡಿಸಿ ತಂದು, ಕಂಪನಿಯ ಕಟ್ಟೆಗೆ ಹೋಗುವ ದಾರಿಗೆ ಅಡ್ಡಲಾಗಿ ತನ್ನ ಕೈಯಾರೆ ಕಟ್ಟಿದಳು. ಎಳೆಗರಿ ಕಟ್ಟಿದ ದಾರಿಯನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ. ಅವಳ ಎಣ್ಣೆಯ ಪೀಪಾಯಿಗಳೂ ಗರಿಯ ಈಚೆಗೇ ನಿಂತವು.

ಶನಿವಾರ ಹಡಗು ಬಂದು ಸಿಳ್ಳೆ ಹಾಕಿತು. ಹಾಕುತ್ತಲೇ ಇತ್ತು. ಕಟ್ಟೆಯ ಮೇಲೆ ಒಂದು ನರಪಿಳ್ಳೆ ಇಲ್ಲ. ಕೆಂಗಿವಿ ಕಾಗದ ಹಿಡಿದುಕೊಂಡು ಗರಿಯ ತನಕ ಬಂದ. ಅವನು ಕೂಗಾಡಿದ್ದನ್ನು ಒಕೋಲಿ ಮೆತ್ತಗೆ ಹೇಳಿದ:

"ಈ ಹೆಬ್ಬೆಟ್ಟು ನಿಂದು ಹೌದೋ ಅಲ್ವೋ ಅಂತ ಕೇಳ್ತಾರಮ್ಮ."

"ಹೆಬ್ಬೆರಳು ನಂದು. ಸಂತೆ ನಂದಲ್ಲ. ನಂದಲ್ಲದ್ದನ್ನ ನಾನು ಕೊಟ್ಟೆ, ಅವರು ಇಸ್ಕೊಂಡ್ರು. ಇಬ್ಬರದೂ ತಪ್ಪು ಅಂತ ಹೇಳು."

"ಜೈಲಿಗೆ ಹಾಕ್ತಾರಂತೆ."

"ಹಾಕ್ಲಿ. ಆಮೇಲೆ ಎಣ್ಣೆ ಯಾರನ್ನ ಕೇಳ್ತಾರಂತೆ?"

ದೊರೆ ಅವಳ ಟೋಪಿ ಕಿತ್ತುಕೊಂಡ, ಜೈಲಿಗೆ ಹಾಕಲಿಲ್ಲ. ಎನ್ಕ್ವೊ ದಿನ ಸರಕು ಜಪ್ತಿಗೆಂದು ಪೊಲೀಸರು ಬಂದರು. ಮೊದಲ ಸಾಲಿನಲ್ಲೇ ಅವರಲ್ಲೊಬ್ಬನ ಅಮ್ಮ ಮೆಣಸಿನಕಾಯಿ ಹರಡಿಕೊಂಡು ಕೂತಿದ್ದಳು. "ತಗೊಂಡು ಹೋಗು ಮಗನೇ, ರಾತ್ರಿ ಊಟಕ್ಕೆ ದೊರೆ ಮನೆಗೇ ಹೋಗು," ಅಂದಳು. ಅವರು ಬಂದ ದಾರಿಯಲ್ಲೇ ವಾಪಸಾದರು.

ನಾಲ್ಕು ಶನಿವಾರ ಹಡಗು ಬರಿದಾಗಿ ಹೋಯಿತು. ಐದನೆಯ ಸಲ ಅದು ಸಿಳ್ಳೆ ಹಾಕಿದ್ದು ಎನ್ಕ್ವೊ ದಿನ.

ಕೆಂಗಿವಿ ಟೋಪಿ ವಾಪಸು ಕಳಿಸಿದ. ಉಗೊಯೆ ಮುಟ್ಟಲಿಲ್ಲ. "ಕೊಡ್ಲಾ ಬೇಡ್ವಾ ಅಂತ ಸಂತೆಗೆ ಬಂದು ಹೆಂಗಸರನ್ನ ಕೇಳ್ಲಿ," ಅಂದಳು. ಅವನು ಬಂದ, ಬೆವರು ಸುರಿಸುತ್ತ ಒಣಮೀನಿನ ಸಾಲಿನ ಮುಂದೆ ನಿಂತ. ಎಲ್ಲರೂ ನನ್ನ ಮುಖ ನೋಡಿದರು. ಟೋಪಿ ಕಳೆದುಕೊಂಡು ಗೆಲ್ಲಿಸಿದವಳಿಗೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

"ಕೊಡಿ," ಅಂದೆ. "ಆದ್ರೆ ಮುಂದೆ ಒತ್ತೋ ಮೊದ್ಲು ಇಲ್ಲಿಗೆ ಬಂದು ಕೇಳ್ಬೇಕು."

ಆಮೇಲೆ ಹತ್ತೊಂಬತ್ತು ವರ್ಷ ಅವಳು ಕೋರ್ಟಿನಲ್ಲಿ ಕೂತಳು. ಪ್ರತಿ ಸಲ ಹೋಗುವ ಮೊದಲು ಸಂತೆಗೆ ಬಂದು, ಕಲ್ಲಿನ ಮೇಲೆ ನಿಂತು, ಹೆಬ್ಬೆರಳು ಎತ್ತಿ ಕೇಳುತ್ತಿದ್ದಳು: "ಇದು ಯಾರದ್ರೇ?"

"ನಮ್ದು," ಅನ್ನುತ್ತಿದ್ದೆವು. ಆಮೇಲೆ ಒತ್ತಬೇಕೋ ಬೇಡವೋ ಹೇಳುತ್ತಿದ್ದೆವು.

ಕಳೆದ ಮಳೆಗಾಲದಲ್ಲಿ ಉಗೊಯೆ ತೀರಿಕೊಂಡಳು. ಹೆಣ ತೊಳೆಯುವಾಗ ಅವಳ ಸೊಸೆ ಹೆಬ್ಬೆಟ್ಟು ಒತ್ತುತ್ತಿದ್ದ ಆ ಬಲಗೈ ಹಿಡಿದುಕೊಂಡಳು.

"ಬಿಡೇ," ಅಂದೆ. "ಅದು ನಮ್ದು."

ಆ ಕೈಯನ್ನು ನಾನೇ ತೊಳೆದೆ.